ಗ್ಲಾಸ್ಗೋ ನಗರದ ಈಜುಗಾರ್ತಿ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆ ಜೇವರ್ಗಿಯ ಸೀಮೆಗೆ ಸಾಗುತ್ತಾಳೆ. ಈ ದಂಡೆಯ ಊರುಗಳಲ್ಲಿ ಬೆಳೆದವರಾದರೆ ನಿಮಗೆ ನೆನಪಿದ್ದೀತು: ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡು ನೀರಿಗೆ ಧುಮುಕಿ ಈಜು ಕಲಿಯುತ್ತಿದ್ದರು, ಅವರ ಅಕ್ಕತಂಗಿಯರು ಕೊಡ ಹಿಡಿದು ಮೆಟ್ಟಿಲ ಮೇಲೆಯೇ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳಿಗೆ ಈಜೇಕೆ ಎಂಬ ಮಾತು ನಮ್ಮ ನಾಡಿನದು ಮಾತ್ರವೆಂದು ತಿಳಿಯಬೇಡಿ. ಪಶ್ಚಿಮ ದೇಶಗಳಲ್ಲಿಯೂ ಒಂದು ಕಾಲಕ್ಕೆ ಅದೇ ಮಾತಿತ್ತು. ಅದನ್ನು ದಾಟಿ ಬಂದ ಹುಡುಗಿಯೊಬ್ಬಳ ಕಥೆ ಇದು.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1894ರಲ್ಲಿ ಇಸಬೆಲ್ಲಾ ಮೂರ್ ಜನಿಸಿದಳು. ಜನ ಅವಳನ್ನು ಬೆಲ್ ಎಂದೇ ಕರೆದರು. ಕಾರ್ಖಾನೆಗಳ ಹೊಗೆ ಮುಸುಕಿದ ಆ ನಗರದಲ್ಲಿ ಪುರಸಭೆಯವರು ಸಾರ್ವಜನಿಕ ಸ್ನಾನಗೃಹಗಳನ್ನೂ ಈಜುಕೊಳಗಳನ್ನೂ ಕಟ್ಟಿಸಿದ್ದರು. ಸಾಮಾನ್ಯರ ಮಕ್ಕಳಿಗೂ ಹೀಗೆ ನೀರು ಎಟುಕಿತು.

ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರ ಈಜಿಗೆ ಮೊದಲ ಸಲ ಸ್ಥಾನ ದೊರೆತದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಅದೂ ಎರಡೇ ಸ್ಪರ್ಧೆಗಳು. ಅಮೆರಿಕವಂತೂ ಒಬ್ಬ ಈಜುಗಾರ್ತಿಯನ್ನೂ ಕಳುಹಿಸಲಿಲ್ಲ. ಸಮುದ್ರದ ಕೊಲ್ಲಿಯಲ್ಲಿಯೇ ಕಟ್ಟಿದ ಕೊಳದಲ್ಲಿ, ನಾಲ್ವರು ತಲಾ 100 ಮೀಟರ್ ಈಜುವ ಸರದಿ ಪಂದ್ಯ ನಡೆಯಿತು. ಜೆನ್ನಿ ಫ್ಲೆಚರ್, ಆನಿ ಸ್ಪಿಯರ್ಸ್, ಐರೀನ್ ಸ್ಟಿಯರ್ ಅವರ ಜೊತೆಗೆ 17 ವರ್ಷದ ಬೆಲ್. ಬ್ರಿಟಿಷ್ ತಂಡ 5 ನಿಮಿಷ 52.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆಯಿತು. ಜರ್ಮನಿ ಹನ್ನೊಂದು ಸೆಕೆಂಡಿಗೂ ಹೆಚ್ಚು ಹಿಂದುಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಗೆಲುವಿನ ವರದಿಯಷ್ಟೇ ಆಗುತ್ತಿತ್ತು. ಹಡಗು ನಿರ್ಮಾಣ ತಜ್ಞರಾದ ಜಾರ್ಜ್ ಕ್ಯಾಮರಾನ್ ಅವರನ್ನು ಮದುವೆಯಾಗಿ 1919ರಲ್ಲಿ ಬೆಲ್ ಅಮೆರಿಕದ ಮೇರಿಲ್ಯಾಂಡಿಗೆ ಹೋದಳು. ಅಲ್ಲಿ ಸಾವಿರಾರು ಮಕ್ಕಳಿಗೆ ಈಜು ಕಲಿಸಿದಳು. 1975ರಲ್ಲಿ ತೀರಿಕೊಂಡಳು. ಪದಕ ಒಬ್ಬಳದು; ವಿದ್ಯೆ ಅನೇಕರದಾಯಿತು.

ನಮ್ಮಲ್ಲಿಯೂ ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಈಜಿದರು. ಆದರೆ ಪದಕದ ಮಾತು ಬೇರೆ, ಪ್ರಾಣದ ಮಾತು ಬೇರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತು. ಏರುವ ನೀರು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಬಲ್ಲ ಹಿರಿಯರೊಬ್ಬರು ಬಾವಿಯ ದಡದಲ್ಲಿ ನಿಂತು ಮಗನಿಗೆ ಬೆಂಡು ಕಟ್ಟುವಾಗ, ಮೆಟ್ಟಿಲ ಮೇಲಿನ ಮಗಳನ್ನೂ ಕರೆಯಲಿ.