ಹತ್ತು ರೂಪಾಯಿಯ ಲೈಸೆನ್ಸ್

1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈಯಲ್ಲಿ ತನ್ನ ಮೊದಲ ಬಾನುಲಿ ಕೇಂದ್ರ ತೆರೆಯಿತು. ಮುಂದಿನ ತಿಂಗಳು ಕಲ್ಕತ್ತೆಯಲ್ಲಿ ಇನ್ನೊಂದು. ಅದು ಖಾಸಗಿ ಕಂಪನಿ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ರೂಪಾಯಿ ಕೊಟ್ಟು ಲೈಸೆನ್ಸ್ ಪಡೆಯಬೇಕು; ಅದರಲ್ಲಿ 8 ರೂಪಾಯಿ ಕಂಪನಿಗೆ. ಆಮದಾಗುವ ಸೆಟ್ಟುಗಳ ಬೆಲೆಯಲ್ಲಿ ನೂರಕ್ಕೆ ಹತ್ತರ ಪಾಲೂ ಅದಕ್ಕೇ ಸಲ್ಲಬೇಕು. ಆದರೂ ಮೂರು ವರ್ಷ ತುಂಬುವ ಮೊದಲೇ, 1930ರ ಮಾರ್ಚಿನಲ್ಲಿ ಕಂಪನಿ ಬಾಗಿಲು ಹಾಕಿತು. ಆಗ ದೇಶದಲ್ಲಿ ಲೈಸೆನ್ಸ್ ಪಡೆದಿದ್ದವರು ಸುಮಾರು ಎಂಟು ಸಾವಿರ ಮಂದಿ. ಅಂದರೆ ಕಂಪನಿಯ ಪಾಲಿಗೆ ಬರುತ್ತಿದ್ದುದು ವರ್ಷಕ್ಕೆ 64 ಸಾವಿರ ರೂಪಾಯಿಯ ಆಸುಪಾಸು. ಎರಡು ಮಹಾನಗರಗಳ ಕೇಂದ್ರಗಳು, ಗಾಯಕರು, ವಾದ್ಯಗಾರರು, ಎಂಜಿನಿಯರುಗಳು ಎಲ್ಲ ಅದರಲ್ಲೇ ಆಗಬೇಕು. ಲೈಸೆನ್ಸ್ ಇಲ್ಲದೆ ಕದ್ದು ಕೇಳುವವರಿಗೂ ಕೊರತೆಯಿರಲಿಲ್ಲ.

ಸರ್ಕಾರ ಕೇಂದ್ರಗಳನ್ನು ವಹಿಸಿಕೊಂಡಿತು. ನಷ್ಟ ತಡೆಯಲಾರದೆ 1931ರಲ್ಲಿ ಮುಚ್ಚಲು ಹೊರಟು, ಜನರ ವಿರೋಧ ಕಂಡು ಹಿಂದೆ ಸರಿಯಿತು. ಕೈಹಿಡಿದದ್ದು ಲಂಡನ್! 1932ರ ಡಿಸೆಂಬರಿನಲ್ಲಿ ಬಿಬಿಸಿ ತನ್ನ ಸಾಮ್ರಾಜ್ಯ ಸೇವೆ ಆರಂಭಿಸಿದಾಗ, ಅದನ್ನು ಕೇಳಲೆಂದು ಇಲ್ಲಿನ ಯುರೋಪಿಯನ್ನರು ಸೆಟ್ಟು ಕೊಂಡರು, ಲೈಸೆನ್ಸ್ ಸಂಖ್ಯೆ ಏರಿತು. ಕೇಳಿದ್ದು ಲಂಡನ್ನನ್ನು, ಹಣ ಬಂದದ್ದು ಇಲ್ಲಿಗೆ. ಲೈಸೆನ್ಸ್ ಇಲ್ಲದೆ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧವೆಂದು 1933ರಲ್ಲಿ ಕಾನೂನೂ ಬಂತು.

ಈ ಲೆಕ್ಕಾಚಾರಗಳ ಹೊರಗೆ ಒಂದು ಪ್ರಯೋಗ ನಡೆದದ್ದು ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ, ಕೈಯಿಂದ ಹಣ ಹಾಕಿ, 'ಆಕಾಶವಾಣಿ' ನಡೆಸಿದರು. ಆದರೆ ಒಬ್ಬರ ಸಂಬಳದಲ್ಲಿ ಬಾನುಲಿ ಎಷ್ಟು ದಿನ ನಡೆದೀತು? ಕೊನೆಗೆ ಅದು ಮೈಸೂರು ಸರ್ಕಾರದ ಆಸರೆಗೆ ಹೋಯಿತು.

ಸ್ವಾತಂತ್ರ್ಯದ ನಂತರ ಲೈಸೆನ್ಸ್ ಎಂದರೆ ಅಂಚೆ ಕಚೇರಿಯ ಪುಟ್ಟ ಪುಸ್ತಕ. ರೇಡಿಯೋಗೆ ವರ್ಷಕ್ಕೆ 15 ರೂಪಾಯಿ ಕಟ್ಟಿ ನವೀಕರಿಸಬೇಕಿತ್ತು. ಟಿವಿ 1959ರಲ್ಲಿ ದೆಹಲಿಗೆ, 1972ರಲ್ಲಿ ಮುಂಬೈಗೆ ಬಂದಾಗ ಅದಕ್ಕೂ ಲೈಸೆನ್ಸ್ ಬಂತು. ಇಲ್ಲೊಂದು ಸೂಕ್ಷ್ಮವಿದೆ: ಕಟ್ಟಿದ ಹಣ ಸೇರುತ್ತಿದ್ದುದು ಸರ್ಕಾರದ ಬೊಕ್ಕಸಕ್ಕೆ. ಪ್ರಸಾರಕ್ಕೆ ಎಷ್ಟು ಕೊಡಬೇಕೆನ್ನುವುದು ಬಜೆಟ್ಟಿನ ಮಾತು. ಬ್ರಿಟನ್ನಿನಿಂದ ನಾವು ಶುಲ್ಕವನ್ನು ತಂದೆವು, ಸುದ್ದಿಮನೆಯನ್ನು ಮಂತ್ರಿಗಳಿಂದ ದೂರ ಇಡುವ ಏರ್ಪಾಡನ್ನು ತರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಇದರ ಫಲ ಎಲ್ಲರಿಗೂ ಗೊತ್ತಾಯಿತು. 1978ರಲ್ಲಿ ಬಿ.ಜಿ. ವರ್ಗೀಸ್ ಸಮಿತಿ ಸ್ವಾಯತ್ತ ಟ್ರಸ್ಟ್ ಬೇಕೆಂದಿತು, ಆಗಲಿಲ್ಲ.

ಅಷ್ಟರಲ್ಲಿ ಜಾಹೀರಾತು ಬಂದಾಗಿತ್ತು. 1967ರಲ್ಲಿ ಮುಂಬೈ, ಪುಣೆ, ನಾಗಪುರದ ವಿವಿಧ ಭಾರತಿಯಲ್ಲಿ, 1976ರ ಜನವರಿಯಲ್ಲಿ ಟಿವಿಯಲ್ಲಿ. 1984ರಲ್ಲಿ 'ಹಮ್ ಲೋಗ್' ಜೊತೆಗೆ ಮ್ಯಾಗಿ ಮನೆಮನೆಗೆ ಬಂತು. 'ರಾಮಾಯಣ'ದ ಭಾನುವಾರಗಳ ಹೊತ್ತಿಗೆ ದೂರದರ್ಶನಕ್ಕೆ ಪ್ರಾಯೋಜಕರ ಚಿಂತೆಯಿರಲಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಲೈಸೆನ್ಸ್ ರದ್ದಾದಾಗ ಯಾರೂ ಕಣ್ಣೀರು ಹಾಕಲಿಲ್ಲ. ಸಾಲಿನಲ್ಲಿ ನಿಲ್ಲುವ ಕಾಟ ತಪ್ಪಿತು. ಆದರೆ ನೋಡುವವನು ನೇರವಾಗಿ ಕೊಡುತ್ತಿದ್ದ ಒಂದೇ ಒಂದು ಹಣವೂ ಅಲ್ಲಿಗೆ ನಿಂತಿತು. ಉಳಿದದ್ದು ಮಂತ್ರಾಲಯ ಮತ್ತು ಜಾಹೀರಾತುದಾರ. ತೊಂಬತ್ತರ ದಶಕದಲ್ಲಿ ಉಪಗ್ರಹ ಚಾನೆಲ್ಲುಗಳು ಬಂದು, ಆ ಎರಡನೆಯವನನ್ನೂ ಬಹುಪಾಲು ಕರೆದುಕೊಂಡು ಹೋದವು.

1990ರ ಪ್ರಸಾರ ಭಾರತಿ ಕಾಯ್ದೆ ಜಾರಿಯಾದದ್ದು 1997ರಲ್ಲಿ. ಅದರ 17ನೆಯ ಸೆಕ್ಷನ್ನಿನ ಪ್ರಕಾರ, ಕೇಂದ್ರ ಸರ್ಕಾರ ನಿಗಮಕ್ಕೆ ಸಂಸತ್ತಿನ ಒಪ್ಪಿಗೆ ಪಡೆದು ಎರಡು ಬಗೆಯ ಹಣ ಕೊಡಬಹುದು. ಎರಡನೆಯದು, ಸರ್ಕಾರಕ್ಕೆ ಅಗತ್ಯವೆಂದು ತೋರಿದಷ್ಟು ಮೊತ್ತ. ಮೊದಲನೆಯದು, ಲೈಸೆನ್ಸ್ ಶುಲ್ಕದಿಂದ ಬಂದ ಹಣ, 'ಇದ್ದರೆ'. ಕಾಯ್ದೆ ಬರೆಯುವಾಗಲೇ ಆ ಶುಲ್ಕ ಇರಲಿಲ್ಲ.

ಇಂದು ಪ್ರಸಾರ ಭಾರತಿಯ ಒಂದು ಆದಾಯ ಡಿಡಿ ಫ್ರೀ ಡಿಶ್‌ನದು. ನೋಡುವವರು ತಿಂಗಳ ಬಾಡಿಗೆ ಕಟ್ಟಬೇಕಿಲ್ಲ. ಅದರಲ್ಲಿ ಜಾಗ ಪಡೆಯಲು ಖಾಸಗಿ ಚಾನೆಲ್ಲುಗಳು ಹರಾಜಿನಲ್ಲಿ ಪೈಪೋಟಿ ನಡೆಸುತ್ತವೆ.