ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿದರೆ ಸಾಕೇ?

‘ಕಾರು ಎಡಕ್ಕೆ ಎಳೀತಿದೆಯಾ? ಅಲೈನ್‌ಮೆಂಟ್ ಹೋಗಿರುತ್ತೆ, ಮಾಡಿಸಿಬಿಡಿ.’ ಈ ಸಲಹೆ ಫ್ಯಾಮಿಲಿ ಗ್ರೂಪ್‌ಗಳಲ್ಲೂ ಸಿಗುತ್ತದೆ, ಪಂಕ್ಚರ್ ಅಂಗಡಿಯ ಮುಂದೆಯೂ ಸಿಗುತ್ತದೆ. ಇದು ಅರ್ಧ ಸತ್ಯ. ಅಲೈನ್‌ಮೆಂಟ್ ಹಲವು ಕಾರಣಗಳಲ್ಲಿ ಒಂದು ಮಾತ್ರ. ದೋಷ ಬ್ರೇಕಿನಲ್ಲಿದ್ದಾಗ ಅಲೈನ್‌ಮೆಂಟ್‌ಗೆ ದುಡ್ಡು ಕೊಟ್ಟು ನಿಶ್ಚಿಂತರಾದರೆ ಅಪಾಯ ಹಾಗೇ ಉಳಿಯುತ್ತದೆ.

ಮೊದಲು ರಸ್ತೆಯನ್ನು ನೋಡಿ

ಮಳೆ ನೀರು ನಿಲ್ಲದಿರಲಿ ಎಂದು ಡಾಂಬರು ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ತಗ್ಗು ಇರುವಂತೆ ಕಟ್ಟುತ್ತಾರೆ. ಒಂದು ಮೀಟರ್ ಅಗಲಕ್ಕೆ ಸುಮಾರು 2 ಸೆಂ.ಮೀ. ಇಳಿಜಾರು. ನಾವು ಎಡಬದಿಯಲ್ಲಿ ಓಡಿಸುವುದರಿಂದ ಕಾರು ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಅದು ಕಾರಿನ ದೋಷವಲ್ಲ.

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ಗಾಣಗಾಪುರಕ್ಕೆ ತಿರುಗುವ ಚೌಡಾಪುರದ ಸುತ್ತಮುತ್ತ, ಈ ಎಡ ಇಳಿಜಾರಿಗೆ ಇನ್ನೊಂದು ಕಾರಣ ಸೇರುತ್ತದೆ. ಇಲ್ಲಿನದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಂಥ ನೆಲದ ಮೇಲಿನ ಡಾಂಬರಿನ ಅಂಚು ಬೇಗ ಕುಸಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎದುರಿಗೆ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಬಂದರೆ ನಾವು ಎಡ ಚಕ್ರಗಳನ್ನು ಕೆಳಗಿಳಿಸಲೇಬೇಕು, ಮತ್ತೆ ಹತ್ತಿಸುವಾಗ ಡಾಂಬರಿನ ಚೂಪು ಅಂಚು ಮುಂದಿನ ಎಡ ಚಕ್ರಕ್ಕೆ ಬಡಿಯುತ್ತದೆ. ಹೀಗಾಗಿ ಹೆಚ್ಚು ಪೆಟ್ಟು ತಿನ್ನುವುದು ಎಡಬದಿ. ಆ ಪೆಟ್ಟಿನಿಂದ ಬಂದ ಎಳೆತವೂ ಸಾಮಾನ್ಯವಾಗಿ ಎಡಕ್ಕೇ ಇರುವುದರಿಂದ, ‘ರಸ್ತೆ ಹಂಗಿದೆ ಬಿಡಿ’ ಎಂದು ತಿಂಗಳುಗಟ್ಟಲೆ ಓಡಿಸುವವರಿದ್ದಾರೆ.

ದೋಷ ರಸ್ತೆಯದೋ ಕಾರಿನದೋ ಎಂದು ತಿಳಿಯಲು ಸುಲಭ ದಾರಿಯಿದೆ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಪರಿಚಯದವರ ಕಾರನ್ನೂ ಓಡಿಸಿ ನೋಡಿ. ಅಥವಾ ಖಾಲಿ, ಸಮತಟ್ಟು ಮೈದಾನದಲ್ಲಿ ನಿಧಾನವಾಗಿ ಎರಡೂ ದಿಕ್ಕಿಗೆ ಓಡಿಸಿ. ಹೋಗುವಾಗಲೂ ಬರುವಾಗಲೂ ಕಾರಿನ ಎಡಕ್ಕೇ ಎಳೆದರೆ ದೋಷ ಕಾರಿನಲ್ಲಿದೆ. ‘80ರ ಸ್ಪೀಡಿನಲ್ಲಿ ಸ್ಟೇರಿಂಗ್ ಕೈಬಿಟ್ಟು ನೋಡಿ’ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಹಿಡಿತ ಸಡಿಲಿಸಿದರೆ ಸಾಕು, ಕೈ ಸ್ಟೇರಿಂಗ್ ಮೇಲೇ ಇರಲಿ.

ಕಾರು ಬಲಕ್ಕೆ ಎಳೆಯುತ್ತಿದ್ದರೆ ರಸ್ತೆಯನ್ನು ದೂರುವಂತಿಲ್ಲ. ಅದು ಇಳಿಜಾರಿಗೆ ವಿರುದ್ಧವಾಗಿ, ಎದುರು ಬರುವ ವಾಹನಗಳ ಕಡೆಗೆ ಹೋಗುತ್ತಿದೆ. ಕೂಡಲೇ ತೋರಿಸಿ.

ಹವಾ ಮತ್ತು ಟೈರು

ಯಾವ ಬದಿಯ ಮುಂದಿನ ಟೈರಿನಲ್ಲಿ ಹವಾ ಕಡಿಮೆಯಿದೆಯೋ ಕಾರು ಆ ಕಡೆಗೆ ಎಳೆಯುತ್ತದೆ, ಏಕೆಂದರೆ ಆ ಟೈರು ಹೆಚ್ಚು ನೆಲಕ್ಕೊತ್ತಿ ಭಾರವಾಗಿ ಉರುಳುತ್ತದೆ. ಎಷ್ಟು ಹವಾ ಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ. ಟೈರಿನ ಮೇಲೆಯೇ ಅಚ್ಚಾಗಿರುವ ಸಂಖ್ಯೆ ಅದರ ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಟೈರು ತಣ್ಣಗಿದ್ದಾಗ ಅಳೆಯಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ 3-4 ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ನೈಟ್ರೋಜನ್ ತುಂಬಿಸಿದರೆ ಎಳೆತ ಹೋಗುತ್ತದೆ ಎಂಬುದು ಸುಳ್ಳು. ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ.

ಹವಾ ಸರಿಯಿದ್ದೂ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಅದಲುಬದಲು ಮಾಡಿಸಿ. ಎಳೆತ ನಿಂತರೆ ಅಥವಾ ದಿಕ್ಕು ಬದಲಾದರೆ ದೋಷ ಟೈರಿನದು. ಪಂಕ್ಚರ್ ಅಂಗಡಿಯಲ್ಲೇ ಆಗುವ, ಹೆಚ್ಚು ಖರ್ಚಿಲ್ಲದ ಈ ಪರೀಕ್ಷೆಯನ್ನು ಬಹಳ ಜನ ಮಾಡಿಸುವುದೇ ಇಲ್ಲ. ಟೈರಿನ ಬದಿಯಲ್ಲಿ ಉರುಳುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಹೀಗೆ ಬದಲಿಸಬಾರದು. ಟೈರಿನ ಬದಿಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಪರೀಕ್ಷೆಯ ಮಾತೇ ಬೇಡ. ಒಳಗಿನ ದಾರ ಕಡಿದಿರುತ್ತದೆ, ಯಾವಾಗ ಬೇಕಾದರೂ ಒಡೆಯಬಹುದು. ಸ್ಟೆಪ್ನಿ ಹಾಕಿ.

ಬ್ರೇಕ್: ತಡ ಮಾಡಬಾರದ ಕಾರಣ

ಕಾರು ಯಾವಾಗ ಎಳೆಯುತ್ತದೆ ಎಂಬುದನ್ನು ಗಮನಿಸಿ. ಸದಾ ಎಳೆಯುತ್ತಿದ್ದು, ಸ್ವಲ್ಪ ದೂರ ಓಡಿಸಿದ ಮೇಲೆ ಆ ಬದಿಯ ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ, ಅಲ್ಲಿ ಬ್ರೇಕ್ ಬಿಡುತ್ತಿಲ್ಲ, ಹಿಡಿದುಕೊಂಡೇ ಇದೆ. ಮುಟ್ಟಿ ನೋಡಬೇಡಿ, ಸುಡುತ್ತದೆ. ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಎರಡೂ ಬದಿಯ ಶಾಖ ಹೋಲಿಸಿ. ಧೂಳು ತುಂಬಿ ಕ್ಯಾಲಿಪರ್ ಪಿನ್ ಬಿಗಿಯಾದರೆ ಹೀಗಾಗುತ್ತದೆ. ಬ್ರೇಕ್ ಹೋಸ್ ಒಳಗೇ ಊದಿಕೊಂಡರೂ ಹೀಗೇ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಲೆಕ್ಕ ತಿರುಗುಮುರುಗು. ಆಗ ಕಾರು ಸಾಮಾನ್ಯವಾಗಿ ಬ್ರೇಕ್ ಚೆನ್ನಾಗಿ ಹಿಡಿಯುತ್ತಿರುವ ಕಡೆಗೆ ಹೋಗುತ್ತದೆ. ಅಂದರೆ ಎಡ ಬ್ರೇಕ್ ಕೆಲಸ ಮಾಡದಿದ್ದರೆ ಕಾರು ಬಲಕ್ಕೆ ತಿರುಗುತ್ತದೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಮನೆಮಂದಿಯೆಲ್ಲ ತುಂಬಿಕೊಂಡು ಹೊರಟ ಕಾರು, ಅಡ್ಡ ಬಂದ ಎಮ್ಮೆಗೆ ಗಕ್ಕನೆ ಬ್ರೇಕ್ ಹಾಕಿದಾಗ ಎದುರಿನ ಲಾರಿಯ ಕಡೆ ತಿರುಗಿದರೆ ಏನಾಗಬಹುದು ಎಂದು ಹೇಳಬೇಕಿಲ್ಲ. ಇಂಥ ಕಾರನ್ನು ದೂರದ ಊರಿಗೆ ಒಯ್ಯಬೇಡಿ, ಹತ್ತಿರದ ಮೆಕ್ಯಾನಿಕ್ ಬಳಿ ನಿಧಾನವಾಗಿ ಒಯ್ಯಿರಿ.

ಹಾಗಾದರೆ ಅಲೈನ್‌ಮೆಂಟ್ ಯಾವಾಗ?

ಅಲೈನ್‌ಮೆಂಟ್ ಎಂದರೆ ಮೂರು ಕೋನ. ಮೇಲಿನಿಂದ ನೋಡಿದರೆ ಎರಡು ಚಕ್ರಗಳು ನಮ್ಮ ಪಾದಗಳಂತೆ ಒಳಗೋ ಹೊರಗೋ ತಿರುಗಿರುವುದು ಟೋ. ಮುಂದಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಆ ಓರೆಯಂಥದ್ದು ಕ್ಯಾಸ್ಟರ್. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಂಗಡಿಯವರು ತಿರುಗಿಸಿ ಹೊಂದಿಸಲು ಬರುವುದು ಮುಂದಿನ ಚಕ್ರಗಳ ಟೋ ಒಂದನ್ನೇ. ಟೋ ತಪ್ಪಿದರೆ ಹೆಚ್ಚಾಗಿ ಕಾರು ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿರುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಎಳೆತಕ್ಕೆ ಹೆಚ್ಚು ಕಾರಣ ಎಡ-ಬಲದ ಕ್ಯಾಂಬರ್, ಕ್ಯಾಸ್ಟರ್ ನಡುವಿನ ವ್ಯತ್ಯಾಸ.

ಗುಂಡಿಗೆ ಬಿದ್ದು ಲೋಯರ್ ಆರ್ಮ್ ಬಾಗಿದರೆ ಚಕ್ರ ತುಸು ಹಿಂದಕ್ಕೆ ಸರಿಯುತ್ತದೆ, ಆ ಬದಿಯ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಕಾರು ಆ ಕಡೆಗೇ ಎಳೆಯುತ್ತದೆ. ಟೋ ಎಷ್ಟು ಹೊಂದಿಸಿದರೂ ಇದು ಸರಿಹೋಗದು. ‘ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಆದರೂ ಎಳೀತದೆ’ ಎನ್ನುವವರ ಕಾರಿನಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಅದಕ್ಕೇ ಮೆಷಿನ್ನಿನಿಂದ ಮುಂಚಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಎಡ-ಬಲದ ಕ್ಯಾಸ್ಟರ್ ಅಂಕಿಗಳು ತಯಾರಕರು ಹೇಳಿದ ಮಿತಿಗಿಂತ ದೂರವಿದ್ದರೆ ಲೋಯರ್ ಆರ್ಮ್, ಬುಷ್, ಬಾಲ್ ಜಾಯಿಂಟ್ ಬಿಚ್ಚಿ ನೋಡಲು ಹೇಳಿ. ಬ್ಯಾಲೆನ್ಸಿಂಗ್ ಬೇರೆಯೇ ಕೆಲಸ. ಅದು ಸ್ಟೇರಿಂಗ್ ನಡುಗುವುದನ್ನು ನಿಲ್ಲಿಸುತ್ತದೆ, ಎಳೆತವನ್ನಲ್ಲ.

ಸವೆದ ಭಾಗ ಬದಲಿಸುವ ಮುನ್ನ ಅಲೈನ್‌ಮೆಂಟ್ ಮಾಡಿಸಿದರೆ ಆ ದುಡ್ಡು ನೀರಿಗೆ ಹೋದಂತೆ, ಏಕೆಂದರೆ ಹೊಸ ಲೋಯರ್ ಆರ್ಮ್ ಅಥವಾ ಟೈ ರಾಡ್ ಎಂಡ್ ಹಾಕಿದ ಮೇಲೆ ಕೋನಗಳನ್ನು ಮತ್ತೆ ನೋಡಲೇಬೇಕು. ಅಂಗಡಿಯಿಂದ ಹೊರಡುವ ಮುನ್ನ ಮೊದಲು ಪರೀಕ್ಷಿಸಿದ ಅದೇ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಆಮೇಲೆ ಬಿಲ್ ಕೊಡಿ.