ಹಬ್ಬದ ರಾತ್ರಿಗೊಂದು ದೆವ್ವದ ಕಥೆ

ಇಂಗ್ಲೆಂಡಿನಲ್ಲಿ ಡಿಸೆಂಬರ್ ಕೊನೆಯ ವಾರ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ ಕವಿಯುತ್ತದೆ. ಮರುದಿನ ಬೆಳಿಗ್ಗೆ ಎಂಟಾದರೂ ಬೆಳಕು ಸರಿಯಾಗಿ ಹರಿದಿರುವುದಿಲ್ಲ. ಅಷ್ಟುದ್ದದ ರಾತ್ರಿಯಲ್ಲಿ ಬೆಂಕಿಯ ಮುಂದೆ ಕೂತವರು ದೆವ್ವದ ಕಥೆ ಹೇಳಿಕೊಳ್ಳುವುದು ಅಲ್ಲಿ ಬಹಳ ಹಳೆಯ ರೂಢಿ. ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಪುಟ್ಟ ರಾಜಕುಮಾರ ಅಮ್ಮನಿಗೆ ಹೇಳಹೊರಡುವುದೂ ಅಂಥದೇ ಒಂದು ಕಥೆ. ಕ್ರಿಸ್ತ ಹುಟ್ಟಿದ ಹಬ್ಬಕ್ಕೂ ಸತ್ತವರ ಕಥೆಗೂ ಏನು ಸಂಬಂಧ ಎಂದು ಕೇಳಬಹುದು. ನಮಗಂತೂ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ನಮ್ಮಲ್ಲಿ ನವರಾತ್ರಿ ಕಾಲಿಡುವ ಮೊದಲು ಪಿತೃಪಕ್ಷ ಮುಗಿಯಬೇಕು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟ ಮೇಲೆಯೇ ಉಳಿದವರ ಸಡಗರ.

ಈ ರೂಢಿಯನ್ನು ಅಚ್ಚಿಗೆ ತಂದು ಊರೂರಿಗೆ ಹಂಚಿದವನು ಚಾರ್ಲ್ಸ್ ಡಿಕನ್ಸ್. ಅದನ್ನು ಟೆಲಿವಿಷನ್ನಿಗೆ ತಂದದ್ದು ಬಿಬಿಸಿ. 1971ರಿಂದ 1978ರವರೆಗೆ ಪ್ರತಿ ಕ್ರಿಸ್‌ಮಸ್‌ಗೂ ರಾತ್ರಿ ಹೊತ್ತು ಮೀರಿದ ಮೇಲೆ ಒಂದೊಂದು ಕಿರುಚಿತ್ರ ಬರುತ್ತಿತ್ತು. ‘ಎ ಘೋಸ್ಟ್ ಸ್ಟೋರಿ ಫಾರ್ ಕ್ರಿಸ್‌ಮಸ್’ ಎಂಬ ಹೆಸರಿನಲ್ಲಿ ನೆನಪಾಗುವ ಎಂಟು ಚಿತ್ರಗಳು. ಅರ್ಧ ಗಂಟೆಯವು ಕೆಲವು, ಮುಕ್ಕಾಲು ಗಂಟೆಯವು ಕೆಲವು. ದೊಡ್ಡ ತಾರೆಯರಿಲ್ಲ, ದುಡ್ಡೂ ಇಲ್ಲ. ಅದೇ ದಿನಗಳಲ್ಲಿ ಮೊರ್ಕಂಬ್ ಮತ್ತು ವೈಸ್ ಜೋಡಿಯ ಹಾಸ್ಯ ಕಾರ್ಯಕ್ರಮಕ್ಕೆ ಕೋಟಿಗಟ್ಟಲೆ ಜನ ಕೂರುತ್ತಿದ್ದರು. ಈ ವರ್ಷ ರಜೆಯಲ್ಲಿ ಏನಾದರೂ ನೋಡುವುದಿದ್ದರೆ ನಾನು ಸೂಚಿಸುವುದು ಮಾತ್ರ ಆ ಬಡ ಚಿತ್ರಗಳನ್ನೇ. ಅವು ಎಲ್ಲಿಂದ ಬಂದವು ಎಂದು ತಿಳಿದು ನೋಡಿದರೆ ಇನ್ನೂ ಚೆನ್ನ.

ಅದಕ್ಕೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಹೋಗಬೇಕು. ಎಂ. ಆರ್. ಜೇಮ್ಸ್ (1862–1936) ಹಳೆಯ ಹಸ್ತಪ್ರತಿಗಳ ದೊಡ್ಡ ವಿದ್ವಾಂಸ. ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಹೋಗಿ ಮಧ್ಯಯುಗದ ಹೊತ್ತಿಗೆಗಳ ವಿವರವಾದ ಸೂಚಿಗಳನ್ನು ಬರೆದವರು. ಮದುವೆಯಾಗಲಿಲ್ಲ, ಬದುಕೆಲ್ಲ ಶಾಲೆ ಕಾಲೇಜುಗಳ ಗೋಡೆಯೊಳಗೇ ಕಳೆಯಿತು. 1893ರ ಅಕ್ಟೋಬರಿನಲ್ಲಿ ‘ಚಿಟ್‌ಚಾಟ್ ಸೊಸೈಟಿ’ ಎಂಬ ಸಣ್ಣ ಕೂಟದಲ್ಲಿ ತಾವು ಬರೆದ ಎರಡು ದೆವ್ವದ ಕಥೆ ಓದಿದರು. ಮುಂದೆ ಅದು ಕ್ರಿಸ್‌ಮಸ್ ಕಾಲದ ಅಭ್ಯಾಸವಾಯಿತು. ಗೆಳೆಯರು ಅವರ ಕೋಣೆಯಲ್ಲಿ ಕಾಯುತ್ತ ಕೂರುವರು. ಜೇಮ್ಸ್ ಒಳಗಿನಿಂದ ಹಸ್ತಪ್ರತಿ ಹಿಡಿದು ಬರುವರು, ಕೆಲವೊಮ್ಮೆ ಆಗಷ್ಟೇ ಬರೆದು ಮುಗಿಸಿದ್ದು. ಒಂದು ಮೇಣದಬತ್ತಿ ಬಿಟ್ಟು ಉಳಿದವನ್ನೆಲ್ಲ ಆರಿಸಿ ಓದಲು ತೊಡಗುವರು.

ಅವರ ಕಥೆಗಳಲ್ಲಿ ರಕ್ತ ಹರಿಯುವುದು ಕಡಿಮೆ. ಯಾರೋ ಒಬ್ಬ ಪಂಡಿತ, ರಜೆಯಲ್ಲೊಂದು ಊರು, ಹಳೆಯ ಪುಸ್ತಕವೋ ಹೂತಿಟ್ಟ ವಸ್ತುವೋ ಕೈಗೆ ಸಿಗುತ್ತದೆ. ಮುಟ್ಟಬಾರದ್ದನ್ನು ಮುಟ್ಟುತ್ತಾನೆ. ಆಮೇಲೆ ದೂರದಲ್ಲಿ ಯಾರೋ ನಿಂತಂತೆ ಕಾಣಿಸುತ್ತದೆ, ಅಷ್ಟೆ. ಎಲ್ಲವೂ ನೆಮ್ಮದಿಯಾಗಿರುವಾಗ ಅದು ಮೆಲ್ಲಗೆ ತಲೆಯೆತ್ತಬೇಕು ಎನ್ನುವುದು ಅವರ ನಂಬಿಕೆ. ಕಥೆಗಳಿಗೆ ಚಿತ್ರ ಬರೆಯುತ್ತಿದ್ದ ಆಪ್ತ ಗೆಳೆಯ ಜೇಮ್ಸ್ ಮೆಕ್‌ಬ್ರೈಡ್ 1904ರಲ್ಲಿ ಕೆಲಸ ಅರ್ಧದಲ್ಲಿರುವಾಗಲೇ ತೀರಿಕೊಂಡ. ಅದೇ ವರ್ಷ ಬಂದ ಮೊದಲ ಸಂಕಲನದಲ್ಲಿ ಅವನು ಮುಗಿಸಿದ್ದ ಕೆಲವೇ ಚಿತ್ರಗಳಿವೆ. ಉಳಿದವನ್ನು ಬೇರೆಯವರಿಂದ ಬರೆಸಲು ಜೇಮ್ಸ್ ಒಪ್ಪಲಿಲ್ಲ.

1905ರಿಂದ ಜೇಮ್ಸ್ ಆ ಕಾಲೇಜಿನ ಮುಖ್ಯಸ್ಥರು. ಹಾಗಾಗಿ ಮೊದಲ ಮಹಾಯುದ್ಧಕ್ಕೆ ಹುಡುಗರು ಹೊರಟದ್ದನ್ನೂ ತಿರುಗಿ ಬಾರದವರ ಹೆಸರುಗಳು ಬಂದದ್ದನ್ನೂ ನೋಡಬೇಕಾಯಿತು. 1918ರಲ್ಲಿ ಅವರು ಈಟನ್ ಶಾಲೆಗೆ ಹೋದರು. ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಹೊಸದೊಂದು ಪ್ರಾರ್ಥನೆ ನಡೆಯಿತು. ಬೈಬಲಿನ ಒಂಬತ್ತು ಪಾಠ, ನಡುನಡುವೆ ಕ್ಯಾರಲ್ ಹಾಡುಗಳು. ಅದನ್ನು ಏರ್ಪಡಿಸಿದ ಡೀನ್ ಎರಿಕ್ ಮಿಲ್ನರ್-ವೈಟ್ ಯುದ್ಧಭೂಮಿಯಲ್ಲಿ ಸೈನಿಕರ ಪಾದ್ರಿಯಾಗಿದ್ದವರು. 1928ರಲ್ಲಿ ಬಿಬಿಸಿ ರೇಡಿಯೋ ಅದನ್ನು ಬಿತ್ತರಿಸಿತು, 1954ರಲ್ಲಿ ಟೆಲಿವಿಷನ್ ಕೂಡ. ಹೀಗೆ ಬ್ರಿಟಿಷ್ ಕ್ರಿಸ್‌ಮಸ್ ಟೆಲಿವಿಷನ್ನಿನ ಎರಡು ದೊಡ್ಡ ಪರಂಪರೆಗಳು, ಹಾಡೂ ದೆವ್ವವೂ, ಒಂದೇ ಕಾಲೇಜಿನ ಅಂಗಳದಿಂದ ಬಂದವು. ಹಾಡಿನ ಬೇರು ಯುದ್ಧದ ಶೋಕದಲ್ಲಿದೆ. ದೆವ್ವಕ್ಕೂ ಆ ಶೋಕ ಅಂಟಿಕೊಂಡಿದೆ ಎಂದು ನನಗನ್ನಿಸುವುದು ಜೇಮ್ಸ್ 1925ರಲ್ಲಿ ಪ್ರಕಟಿಸಿದ ‘ಎ ವಾರ್ನಿಂಗ್ ಟು ದಿ ಕ್ಯೂರಿಯಸ್’ ಓದಿದಾಗ.

ಪೂರ್ವ ಕರಾವಳಿಯಲ್ಲಿ ಹಿಂದೆ ಮೂರು ಕಿರೀಟಗಳನ್ನು ಹೂತಿದ್ದರಂತೆ. ಈಗ ಉಳಿದಿರುವುದು ಒಂದೇ. ಅದು ನೆಲದಲ್ಲಿರುವವರೆಗೆ ಶತ್ರು ಆ ದಡ ಹತ್ತಲಾರ. ಏಗರ್ ಎಂಬ ಮನೆತನ ತಲೆಮಾರುಗಳಿಂದ ಅದನ್ನು ಕಾಯುತ್ತಿತ್ತು. ಕೊನೆಯ ಏಗರ್ ಚಿಕ್ಕ ವಯಸ್ಸಿಗೇ ಕ್ಷಯದಿಂದ ಸತ್ತ. ಪ್ಯಾಕ್ಸ್‌ಟನ್ ಎಂಬ ಯುವಕ ಕಿರೀಟ ಅಗೆದು ತೆಗೆಯುತ್ತಾನೆ. ಹೆದರಿ ಮತ್ತೆ ಹೂತುಬಿಡುತ್ತಾನೆ. ಆದರೂ ಕ್ಷಮೆಯಿಲ್ಲ. ಸತ್ತ ಮೇಲೂ ಕಾವಲು ಬಿಡದ ಒಬ್ಬ ಹುಡುಗನ ಬಗ್ಗೆ, ಯುದ್ಧದಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಳೆದುಕೊಂಡ ಮೇಷ್ಟರು ಬರೆದ ಕಥೆ ಇದು.

ಇವನ್ನೆಲ್ಲ ತೆರೆಗೆ ತಂದವರ ಮಾತಿಗೆ ಬರೋಣ. ಮೊದಲಿಗರು ಜೊನಾಥನ್ ಮಿಲ್ಲರ್. ವೈದ್ಯಕೀಯ ಓದಿದವರು, ಆಮೇಲೆ ರಂಗಭೂಮಿಗೆ ಬಂದವರು. 1968ರ ಮೇ ತಿಂಗಳಲ್ಲಿ ಬಿಬಿಸಿಯ ‘ಆಮ್ನಿಬಸ್’ ಎಂಬ ಕಲಾ ಮಾಲಿಕೆಗೆ ‘ವಿಸಲ್ ಅಂಡ್ ಐ ವಿಲ್ ಕಮ್ ಟು ಯು’ ಮಾಡಿದರು. ಹೌದು, ಮೇ ತಿಂಗಳು. ಕ್ರಿಸ್‌ಮಸ್ ಪರಂಪರೆಯ ಮೊದಲ ಬೀಜ ಬಿದ್ದದ್ದು ವಸಂತದಲ್ಲಿ. ಕಪ್ಪು ಬಿಳುಪಿನ ಚಿತ್ರ. ಮೈಕೆಲ್ ಹಾರ್ಡರ್ನ್ ಆಡಿದ ಪ್ರೊಫೆಸರ್ ತನ್ನಷ್ಟಕ್ಕೆ ಗುನುಗುತ್ತ, ಆಹಾರ ಜಗಿಯುತ್ತ, ತನ್ನ ಮಾತಿಗೆ ತಾನೇ ನಗುತ್ತ ಇರುವ ಒಂಟಿ ಮನುಷ್ಯ. ತಿಂಡಿಯ ಮೇಜಿನಲ್ಲಿ ಒಬ್ಬರು, ದೆವ್ವ ನಂಬುತ್ತೀರಾ ಎಂದು ಕೇಳಿದರೆ ಪ್ರಶ್ನೆಯ ಅರ್ಥವನ್ನೇ ಸೀಳಿ ಸೀಳಿ ತೋರಿಸುತ್ತಾನೆ. ಆಮೇಲೆ ಸಮುದ್ರದಂಡೆಯ ಗೋರಿಯೊಂದರ ಬಳಿ ಸಿಕ್ಕ ಶಿಳ್ಳೆ ಊದುತ್ತಾನೆ. ಕೊನೆಗೆ ಬರುವ ದೆವ್ವ ಒಂದು ಹಾಸಿಗೆ ಬಟ್ಟೆ ಮಾತ್ರ. ಅದನ್ನು ಕಂಡ ಆ ಜಾಣನ ಬಾಯಿಂದ ಮಗುವಿನಂಥ ಸದ್ದು ಹೊರಡುತ್ತದೆ. ಅಷ್ಟು ಮಾತಾಡಿದವನಿಗೆ ಮಾತೇ ಇಲ್ಲ. (2010ರಲ್ಲಿ ಜಾನ್ ಹರ್ಟ್ ಇದೇ ಕಥೆಯ ಹೊಸ ರೂಪದಲ್ಲಿ ಆಡಿದರು. ಅದರಲ್ಲಿ ಶಿಳ್ಳೆಯ ಜಾಗಕ್ಕೆ ಉಂಗುರ ಬಂದಿದೆ. ಹರ್ಟ್ ಚೆನ್ನಾಗಿ ಆಡಿದ್ದಾರೆ, ಆದರೆ ಶಿಳ್ಳೆಯಿಲ್ಲದೆ ಆ ಹೆಸರೇಕೆ?)

ಮಿಲ್ಲರ್ ತೋರಿದ ದಾರಿಯಲ್ಲಿ ಹೊರಟವರು ಲಾರೆನ್ಸ್ ಗಾರ್ಡನ್ ಕ್ಲಾರ್ಕ್. ಬಿಬಿಸಿಯಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದವರು, ಕಥಾಚಿತ್ರ ಮಾಡುವ ಆಸೆ. ಜೇಮ್ಸ್ ಕಥೆಗಳ ಪುಸ್ತಕ ಹಿಡಿದು ಬಿಬಿಸಿ1ರ ಮುಖ್ಯಸ್ಥ ಪಾಲ್ ಫಾಕ್ಸ್ ಬಳಿ ಹೋದರು. ಸಣ್ಣ ಮೊತ್ತ ಸಿಕ್ಕಿತು. ನಾರಿಚ್ ಕೆಥೀಡ್ರಲ್‌ನಲ್ಲಿ ಚಿತ್ರೀಕರಿಸಿದ ‘ದಿ ಸ್ಟಾಲ್ಸ್ ಆಫ್ ಬಾರ್ಚೆಸ್ಟರ್’ 1971ರ ಡಿಸೆಂಬರ್ 24ರ ರಾತ್ರಿ ಬಂತು. ಬಡ್ತಿಗಾಗಿ ವರ್ಷಗಟ್ಟಲೆ ಕಾದು ಬೇಸತ್ತ ಪಾದ್ರಿಯೊಬ್ಬ, ಸಾಯಲೊಲ್ಲದ ಮೇಲಧಿಕಾರಿ, ಮೆಟ್ಟಿಲ ಮೇಲೆ ಕೊಲೆ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಕಥೆಯ ಮೊದಲರ್ಧ ಬಿಡಿಸಿ ಹೇಳಬೇಕಿಲ್ಲ.

ಮರುವರ್ಷ ಕ್ಲಾರ್ಕ್ ತೆಗೆದದ್ದು ಆ ಕಿರೀಟದ ಕಥೆ. ಅವರು ಮಾಡಿದ ಒಂದು ಬದಲಾವಣೆ ನನಗೆ ಬಹಳ ಇಷ್ಟ. ಮೂಲದ ಯುವಕನ ಬದಲು ಪೀಟರ್ ವಾನ್ ಆಡಿದ ನಡುವಯಸ್ಸಿನ ಗುಮಾಸ್ತ ಬರುತ್ತಾನೆ. ಆರ್ಥಿಕ ಕುಸಿತದ ದಿನಗಳು, ಕೆಲಸ ಹೋಗಿದೆ. ಕಿರೀಟ ಸಿಕ್ಕರೆ ತಾನೂ ಯಾರೋ ಒಬ್ಬನಾಗಬಹುದೆಂದು ಹುಡುಕಲು ಬಂದಿದ್ದಾನೆ. ಹೀಗಾದಾಗ ಕುತೂಹಲದ ಕಥೆ ಹಸಿವಿನ ಕಥೆಯಾಗುತ್ತದೆ. ಅವನ ಮೇಲೆ ಕೋಪ ಬರುವುದಿಲ್ಲ. ಕ್ಯಾಮೆರಾಮನ್ ಜಾನ್ ಮೆಕ್‌ಗ್ಲಾಶನ್ ತೆಗೆದ ನಾರ್ಫೋಕ್ ತೀರದ ಉದ್ದನೆಯ ಖಾಲಿ ಮರಳಲ್ಲಿ ದೂರದಲ್ಲೊಂದು ಕಪ್ಪು ಚುಕ್ಕೆ ನಿಂತಿರುತ್ತದೆ. ಅದು ಓಡುವುದಿಲ್ಲ, ಕೂಗುವುದಿಲ್ಲ. ಮುಂದಿನ ಬಾರಿ ನೋಡಿದಾಗ ತುಸು ಹತ್ತಿರ ಬಂದಿರುತ್ತದೆ.

ಅದೇ 1972ರ ಕ್ರಿಸ್‌ಮಸ್ ದಿನ ಬಿಬಿಸಿ2ರಲ್ಲಿ ಮತ್ತೊಂದು ಬಂತು, ಈ ಸಾಲಿಗೆ ಸೇರದ್ದು: ನೈಜೆಲ್ ನೀಲ್ ಬರೆದ ‘ದಿ ಸ್ಟೋನ್ ಟೇಪ್’. ಜಪಾನಿಗಳನ್ನು ಹಿಂದೆ ಹಾಕಲು ಹೊಸ ಧ್ವನಿಮುದ್ರಣ ಮಾಧ್ಯಮ ಹುಡುಕುತ್ತಿರುವ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು ಹಳೆಯ ಬಂಗಲೆಗೆ ಬರುತ್ತದೆ. ಅಲ್ಲಿನ ದೆವ್ವ ಕಲ್ಲಿನ ಗೋಡೆಯಲ್ಲಿ ಮುದ್ರಿತವಾಗಿ ಉಳಿದ ಹಿಂದಿನ ಕೂಗು ಎಂದು ಅವರಿಗೆ ಹೊಳೆಯುತ್ತದೆ. ಯಂತ್ರಗಳನ್ನು ಹಚ್ಚಿ ಕೆಣಕುತ್ತಾರೆ, ಮುದ್ರಿಕೆ ಅಳಿಸಿಹೋಗುತ್ತದೆ. ಅದರ ಅಡಿಯಲ್ಲಿ ಇನ್ನೂ ಹಳೆಯದು, ಇನ್ನೂ ಕೆಟ್ಟದು ಇತ್ತೆಂದು ಗೊತ್ತಾಗುವುದು ಆಮೇಲೆ. ಅದನ್ನು ಮೊದಲು ಅರಿತ ತಂಡದ ಹೆಣ್ಣುಮಗಳ ಮಾತನ್ನು ಯಾರೂ ಕೇಳುವುದಿಲ್ಲ. ಅವಳು ಸತ್ತ ಮೇಲೆ ಯಜಮಾನ ಅವಳ ಕಡತಗಳನ್ನೂ ನಾಶ ಮಾಡಿಸುತ್ತಾನೆ. ಅಷ್ಟು ಹೊತ್ತಿಗೆ ಅವಳ ಕೂಗು ಕಲ್ಲಿನಲ್ಲಿ ಸೇರಿಹೋಗಿದೆ.

ಈ ನಾಟಕವನ್ನು ಬಿತ್ತರಿಸಿದ ಸಂಸ್ಥೆ ಆ ವರ್ಷಗಳಲ್ಲಿ ಮಾಡುತ್ತಿದ್ದುದೂ ಅದೇ ಕೆಲಸ. ವಿಡಿಯೋಟೇಪ್ ದುಬಾರಿ. ಒಮ್ಮೆ ಬಿತ್ತರವಾದ ನಾಟಕವನ್ನು ಮತ್ತೆ ಯಾರು ನೋಡುತ್ತಾರೆಂದು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿಸುತ್ತಿದ್ದರು. ನೀಲ್ 1963ರಲ್ಲಿ ಬರೆದ ‘ದಿ ರೋಡ್’ ಹೀಗೆ ಇಲ್ಲವಾಯಿತು. 18ನೇ ಶತಮಾನದ ಕಾಡೊಂದರಲ್ಲಿ ಭಯಂಕರ ಸದ್ದುಗಳು ಕೇಳಿಸುತ್ತವೆ. ಜನ ಅದನ್ನು ಹಿಂದಿನವರ ದೆವ್ವವೆಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಮುಂದೆ ನಡೆಯಲಿರುವ ಅಣುಯುದ್ಧದ ಗೋಳಾಟ. ಇಂಥ ಕಥೆಯ ಚಿತ್ರರೂಪ ಈಗ ಎಲ್ಲೂ ಇಲ್ಲ. ಐಟಿವಿ ವಾಹಿನಿ 1960ರ ದಶಕದಲ್ಲಿ ಮಾಡಿದ ಜೇಮ್ಸ್ ಕಥೆಗಳೂ ಹೆಚ್ಚುಕಡಿಮೆ ಪೂರ್ತಿ ಹೋದವು. ಕ್ಲಾರ್ಕ್ ಚಿತ್ರಗಳು ಉಳಿದದ್ದರಲ್ಲಿ ಒಂದು ತಾಂತ್ರಿಕ ಅದೃಷ್ಟವೂ ಇದೆ. ಅವರು ಸ್ಟುಡಿಯೋ ಬಿಟ್ಟು ಹೊರಗೆ 16 ಎಂಎಂ ಫಿಲ್ಮಿನಲ್ಲಿ ತೆಗೆದರು. ಫಿಲ್ಮನ್ನು ಅಳಿಸಿ ಮತ್ತೆ ಬಳಸಲಾಗದು.

ಮುಂದಿನ ಮೂರು ವರ್ಷಗಳ ಚಿತ್ರಗಳಲ್ಲಿ ‘ದಿ ಟ್ರೆಷರ್ ಆಫ್ ಅಬಟ್ ಥಾಮಸ್’ ಚೆನ್ನಾಗಿದೆ. ‘ಲಾಸ್ಟ್ ಹಾರ್ಟ್ಸ್’ ಮಕ್ಕಳ ಜೊತೆ ನೋಡುವಂಥದ್ದಲ್ಲ. 1976ರಲ್ಲಿ ಕ್ಲಾರ್ಕ್ ಜೇಮ್ಸ್‌ರನ್ನು ಬಿಟ್ಟು ಡಿಕನ್ಸನ ‘ದಿ ಸಿಗ್ನಲ್‌ಮ್ಯಾನ್’ ಎತ್ತಿಕೊಂಡರು. ಇಡೀ ಸಾಲಿನಲ್ಲಿ ಶ್ರೇಷ್ಠವಾದದ್ದು ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದರ ಹಿಂದೆ ನಿಜವಾದ ಸಾವುಗಳಿವೆ. 1861ರ ಆಗಸ್ಟಿನಲ್ಲಿ ಕ್ಲೇಟನ್ ಸುರಂಗದೊಳಗೆ ಎರಡು ರೈಲುಗಳು ಡಿಕ್ಕಿಯಾಗಿ 23 ಜನ ಸತ್ತರು. ಸುರಂಗದ ಎರಡು ತುದಿಯ ಸಿಗ್ನಲ್‌ಮ್ಯಾನ್‌ಗಳ ನಡುವೆ ಟೆಲಿಗ್ರಾಫ್ ಸಂದೇಶ ತಪ್ಪಾಗಿ ಅರ್ಥವಾಗಿತ್ತು. ಅವರಲ್ಲೊಬ್ಬ ಒಂದು ದಿನ ಪೂರ್ತಿ ರಜೆ ಸಿಗಲೆಂದು 24 ಗಂಟೆಯ ಪಾಳಿಯಲ್ಲಿದ್ದ. ನಾಲ್ಕು ವರ್ಷದ ನಂತರ, 1865ರ ಜೂನ್ 9ರಂದು, ಸ್ಟೇಪಲ್‌ಹರ್ಸ್ಟ್ ಬಳಿ ಹಳಿ ಬಿಚ್ಚಿದ್ದ ಸೇತುವೆಗೆ ರೈಲು ನುಗ್ಗಿತು. ಕೆಲಸಗಾರರು ವೇಳಾಪಟ್ಟಿ ತಪ್ಪು ಓದಿದ್ದರು. ಕೆಂಪು ಬಾವುಟ ಹಿಡಿದವನು 1000 ಗಜ ದೂರ ನಿಲ್ಲಬೇಕಾದವನು ಸುಮಾರು 550 ಗಜದಲ್ಲಿ ನಿಂತಿದ್ದ. 10 ಜನ ಸತ್ತರು. ಆ ರೈಲಿನಲ್ಲಿ ಡಿಕನ್ಸ್ ಇದ್ದ. ಅವನಿದ್ದ ಬೋಗಿ ಸೇತುವೆಯಿಂದ ಜೋತುಬಿದ್ದಿತ್ತು. ಇಳಿದು ಹ್ಯಾಟಿನಲ್ಲಿ ನೀರು ತುಂಬಿ ತಂದು ಗಾಯಾಳುಗಳಿಗೆ ಕೊಟ್ಟ. ಕೆಲವರು ಅವನ ಕಣ್ಣೆದುರೇ ಸತ್ತರು. ಮರುವರ್ಷ ತನ್ನ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗೆ ಈ ಕಥೆ ಬರೆದ. 1870ರಲ್ಲಿ ತೀರಿಕೊಂಡದ್ದೂ ಜೂನ್ 9ರಂದೇ.

ಕಥೆಯಲ್ಲಿ ಸುರಂಗದ ಬಾಯಲ್ಲಿ ಒಬ್ಬನೇ ಕೆಲಸ ಮಾಡುವ ಸಿಗ್ನಲ್‌ಮ್ಯಾನ್ ಇದ್ದಾನೆ. ಕೆಂಪು ದೀಪದ ಕೆಳಗೆ ಒಂದು ಆಕೃತಿ ಕೈ ಬೀಸುತ್ತದೆ. ಅದು ಬಂದಾಗಲೆಲ್ಲ ಅವಘಡ. ಏನಾಗಲಿದೆ ಎಂದು ಅದು ಹೇಳುವುದಿಲ್ಲ. ಇವನು ತಂತಿಯಲ್ಲಿ ‘ಅಪಾಯ’ ಎಂದು ಕಳಿಸಬಹುದು; ಯಾವ ಅಪಾಯ, ಎಲ್ಲಿ ಎಂದು ಮೇಲಿನವರು ಕೇಳಿದರೆ ಏನು ಹೇಳುವುದು? ಹೊಣೆಯೆಲ್ಲ ತನ್ನ ಮೇಲೆ, ಅಧಿಕಾರ ಮಾತ್ರ ಚೂರೂ ಇಲ್ಲ. ಡೆನ್‌ಹೋಮ್ ಎಲಿಯಟ್ ಆ ಸಂಕಟವನ್ನು ಬಹುಪಾಲು ಕಣ್ಣಲ್ಲೇ ಆಡಿದ್ದಾರೆ. ಚಿತ್ರಕಥೆ ಆಂಡ್ರ್ಯೂ ಡೇವಿಸ್ ಅವರದು. 1995ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಧಾರಾವಾಹಿ ಬರೆದದ್ದೂ ಇವರೇ. ಸೆವರ್ನ್ ವ್ಯಾಲಿ ರೈಲುಮಾರ್ಗದ ಸುರಂಗವೊಂದರ ಹತ್ತಿರ ಸುಳ್ಳು ಸಿಗ್ನಲ್ ಕ್ಯಾಬಿನ್ ಕಟ್ಟಿ ಚಿತ್ರೀಕರಿಸಿದರು. ಎಲಿಯಟ್ ಕೆಂಡದ ಒಲೆಯ ಪಕ್ಕ ಕೂತು ಮಾತಾಡುವಾಗ ತಂತಿಯ ಗಂಟೆ ನಡುಗುತ್ತದೆ. ಅದು ಅವನಿಗೊಬ್ಬನಿಗೇ ಕೇಳುತ್ತದೆ.

ಕೊನೆಯ ಎರಡು ಚಿತ್ರಗಳು ಸಮಕಾಲೀನ ಕಥೆಗಳು. ಹೊಸದನ್ನು ಮಾಡುವ ಹಂಬಲ ಸರಿ, ಆದರೆ ಪರಂಪರೆಯ ದಾರ ಕಡಿದಿತ್ತು; 1978ಕ್ಕೆ ಸಾಲು ನಿಂತಿತು. 2000ದಲ್ಲಿ ಕ್ರಿಸ್ಟೋಫರ್ ಲೀ ಜೇಮ್ಸ್‌ರ ವೇಷದಲ್ಲಿ ಮೇಣದಬತ್ತಿಯ ಬೆಳಕಲ್ಲಿ ಕೂತು ಕಥೆ ಹೇಳಿದರು. 2005ರಲ್ಲಿ ಮತ್ತೆ ಚಿತ್ರಗಳು ಶುರುವಾದವು. 2013ರಿಂದ ನಟ, ಲೇಖಕ ಮಾರ್ಕ್ ಗೇಟಿಸ್ ಹಟ ಹಿಡಿದು ನಡೆಸುತ್ತಿದ್ದಾರೆ. ಅವರ ಮೊದಲನೆಯದು ‘ದಿ ಟ್ರ್ಯಾಕ್ಟೇಟ್ ಮಿಡೋತ್’. ಗ್ರಂಥಾಲಯದ ಯುವ ಸಹಾಯಕನಾಗಿ ಭಾರತೀಯ ಮೂಲದ ಸಾಶಾ ಧವನ್ ಆಡಿದ್ದಾರೆ. 2021ರ ‘ದಿ ಮೆಜೊಟಿಂಟ್’ನಲ್ಲಿ ಚಿತ್ರವೊಂದು ಪ್ರತಿ ಬಾರಿ ನೋಡಿದಾಗಲೂ ಬದಲಾಗಿರುತ್ತದೆ. ಈ ಅರ್ಧ ಗಂಟೆಗಳಿಗೂ ದುಡ್ಡು ಹೊಂದಿಸುವುದು ಕಷ್ಟವೆಂದು ಗೇಟಿಸ್ ಹೇಳುತ್ತಲೇ ಬಂದಿದ್ದಾರೆ.

ಎಂಟನ್ನೂ ಒಟ್ಟಿಗೆ ನೋಡಬೇಡಿ. ಮೊದಲ ರಾತ್ರಿ ಮಿಲ್ಲರ್ ಅವರ ಶಿಳ್ಳೆಯ ಚಿತ್ರ, ಎರಡನೆಯ ರಾತ್ರಿ ಕಿರೀಟ, ಮೂರನೆಯ ರಾತ್ರಿ ಸಿಗ್ನಲ್‌ಮ್ಯಾನ್. ಮೂರೂ ಸೇರಿ ಎರಡೂಕಾಲು ಗಂಟೆಯೊಳಗೆ ಮುಗಿಯುತ್ತವೆ. ಬ್ರಿಟಿಷ್ ಫಿಲ್ಮ್ ಇನ್ಸ್‌ಟಿಟ್ಯೂಟ್ ಇವನ್ನು ಶುಚಿಗೊಳಿಸಿ ಡಿಸ್ಕ್‌ಗಳಲ್ಲಿ ತಂದಿದೆ. ಸಾಧ್ಯವಾದರೆ ಫೋನಿನಲ್ಲಿ ನೋಡಬೇಡಿ. ಆ ಸಮುದ್ರದಂಡೆಯ ಕಪ್ಪು ಚುಕ್ಕೆ ಸಣ್ಣ ಪರದೆಯಲ್ಲಿ ಕಾಣಿಸುವುದೇ ಇಲ್ಲ.